ಕ್ರಾಸ್ ಸ್ಟಿಚ್ ಅಚ್ಚುಕಟ್ಟಾಗಿ ಬರಬೇಕಾದರೆ: ಬಟ್ಟೆ ಆರಿಸುವುದರಿಂದ ಫ್ರೇಮ್ ಹಾಕುವವರೆಗೆ

ಕ್ರಾಸ್ ಸ್ಟಿಚ್‌ನ ಪ್ರತಿ ಹೊಲಿಗೆ ಎರಡು ಓರೆಗೆರೆ ಒಂದರ ಮೇಲೊಂದು ಹಾಯ್ದು ಆಗುವ × ಆಕಾರ. ಅದರಲ್ಲಿ ಕಣ್ಣಿಗೆ ಬೀಳುವುದು ಮೇಲಿನ ಓರೆಗೆರೆ. ಹತ್ತಿ ನೂಲಿಗೆ ತನ್ನದೇ ಹೊಳಪಿದೆ. ಮೇಲಿನ ಗೆರೆಗಳೆಲ್ಲ ಒಂದೇ ದಿಕ್ಕಿಗೆ, ಹುರಿಗೊಳ್ಳದೆ, ಒಂದೇ ಬಿಗಿಯಲ್ಲಿ ಕೂತಿದ್ದರೆ ಬೆಳಕು ಅವುಗಳ ಮೇಲೆ ಒಂದೇ ತೆರನಾಗಿ ಬಿದ್ದು ಇಡೀ ಚಿತ್ರ ನಯವಾಗಿ ಕಾಣುತ್ತದೆ. ನಾಲ್ಕೈದು ಹೊಲಿಗೆ ದಿಕ್ಕು ತಪ್ಪಿದರೂ ಆ ಜಾಗ ಬೇರೆ ಬಣ್ಣದ ನೂಲು ಹಾಕಿದ ಹಾಗೆ ಎದ್ದು ತೋರುತ್ತದೆ. ಚಾರ್ಟ್ (ಹೊಲಿಗೆಗೊಂದು ಚೌಕದಂತೆ ಬಿಡಿಸಿದ ನಕ್ಷೆ) ಎಷ್ಟೇ ಸುಲಭದ್ದಿರಲಿ, ಕಷ್ಟದ್ದಿರಲಿ, ಕೆಲಸದ ಅಂದ ನಿಂತಿರುವುದು ಈ ಒಂದು ಗೆರೆಯ ಮೇಲೆ. ಕೆಳಗೆ ಹೇಳುವ ಹಂತಗಳಲ್ಲಿ ಹೆಚ್ಚಿನವು ಅದನ್ನು ಕಾಪಾಡುವುದಕ್ಕಾಗಿಯೇ ಇವೆ.

ಧಾರವಾಡ ಕಡೆಯ ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ ಎಂಬ ಹೊಲಿಗೆಗಳ ಜೊತೆ ಬರುವ ಮೆಂತೆ ಹೊಲಿಗೆಯೂ ಇದೇ ಗುಣಿಸು ಗುರುತಿನದ್ದು. ನಮ್ಮ ಕಾಸರಗೋಡಿನಲ್ಲಿ ಹೆಚ್ಚಿನ ಮಕ್ಕಳು ಇದನ್ನು ಕಲಿಯುವುದು ಶಾಲೆಯ ವೃತ್ತಿ ಪರಿಚಯದ ಅವಧಿಯಲ್ಲಿ, ಚೌಕ ಚೌಕವಾಗಿ ನೇಯ್ದ ಮ್ಯಾಟಿ ಬಟ್ಟೆಯ ತುಂಡಿನ ಮೇಲೆ. ಹಾಗಾಗಿ ಮ್ಯಾಟಿಯಿಂದಲೇ ಶುರು ಮಾಡೋಣ.

ಬಟ್ಟೆ, ಸೂಜಿ, ನೂಲು

ಕಾಸರಗೋಡು, ಕುಂಬಳೆ, ಉಪ್ಪಳ, ಬದಿಯಡ್ಕದ ಫ್ಯಾನ್ಸಿ ಅಂಗಡಿಗಳಲ್ಲಿ ಕ್ರಾಸ್ ಸ್ಟಿಚ್‌ಗೆಂದು ಕೇಳಿದರೆ ಸಾಮಾನ್ಯವಾಗಿ ಕೈಗೆ ಬರುವುದು ಮ್ಯಾಟಿ. ಬೆಲೆ ಕಡಿಮೆ, ಮೇಜುಬಟ್ಟೆ, ದಿಂಬಿನ ಕವರಿಗೆ ಚೆನ್ನಾಗಿ ಬರುತ್ತದೆ. ಆದರೆ ಕೊಳ್ಳುವ ಮೊದಲು ಒಂದು ಪರೀಕ್ಷೆ ಮಾಡಲೇಬೇಕು. ಸ್ಕೇಲ್ ಇಟ್ಟು ಅಡ್ಡಕ್ಕೆ ಒಂದು ಇಂಚಿನಲ್ಲಿ ಎಷ್ಟು ಚೌಕ, ಉದ್ದಕ್ಕೆ ಒಂದು ಇಂಚಿನಲ್ಲಿ ಎಷ್ಟು ಚೌಕ ಎಂದು ಎಣಿಸಿ. ಎರಡೂ ಒಂದೇ ಇರಬೇಕು. ಅಡ್ಡಕ್ಕೆ 12, ಉದ್ದಕ್ಕೆ 11 ಬಂದರೆ ಚಾರ್ಟಿನಲ್ಲಿ ದುಂಡಗಿರುವ ಹೂವು ಬಟ್ಟೆಯ ಮೇಲೆ ಮೊಟ್ಟೆಯಾಕಾರಕ್ಕೆ ತಿರುಗುತ್ತದೆ. ಅದನ್ನು ಯಾವ ಕೈಚಳಕವೂ ಸರಿಪಡಿಸಲಾರದು. ಹಾಗಿರುವ ಬಟ್ಟೆಯನ್ನು ಬಾರ್ಡರ್ ಕೆಲಸಕ್ಕೆ ಮಾತ್ರ ಬಳಸಿ.

ಗೋಡೆಗೆ ತೂಗುಹಾಕುವ ಚಿತ್ರಕ್ಕೆ ಎಣಿಸಲು ಸುಲಭವಾಗುವಂತೆ ಸಮ ಚೌಕಗಳಲ್ಲಿ ನೇಯ್ದ ಐಡಾ ಬಟ್ಟೆಯೇ ಮೇಲು. ಇದನ್ನು ಕೌಂಟ್ ಹೆಸರಿನಲ್ಲಿ ಮಾರುತ್ತಾರೆ: 14 ಕೌಂಟ್ ಎಂದರೆ ಇಂಚಿಗೆ 14 ಚೌಕ. ಕಲಿಯುವವರಿಗೆ 11 ಅಥವಾ 14 ಸಾಕು. 18ಕ್ಕೆ ಹೋಗುವುದು ಕಣ್ಣು ಮತ್ತು ಬೆಳಕು ಎರಡೂ ಚೆನ್ನಾಗಿದ್ದರೆ ಮಾತ್ರ.

ಅಳತೆಯ ಲೆಕ್ಕ ಹೀಗೆ: ಚಾರ್ಟಿನ ಚೌಕಗಳನ್ನು ಕೌಂಟ್‌ನಿಂದ ಭಾಗಿಸಿದರೆ ಇಂಚು ಸಿಗುತ್ತದೆ. 84 × 112 ಚೌಕದ ಚಾರ್ಟ್ 14 ಕೌಂಟ್‌ನಲ್ಲಿ 6 × 8 ಇಂಚು ಆಗುತ್ತದೆ. ಅದಕ್ಕೆ ನಾಲ್ಕೂ ಬದಿ 3 ಇಂಚು ಬಿಟ್ಟು 12 × 14 ಇಂಚಿನ ಬಟ್ಟೆ ಕತ್ತರಿಸಿ. ಈ 3 ಇಂಚಿನಲ್ಲಿ ಜಿಪುಣತನ ಬೇಡ. ಕೊನೆಗೆ ಫ್ರೇಮ್ ಹಾಕುವಾಗ ಹಲಗೆಯ ಹಿಂದೆ ಮಡಚಿ ಎಳೆಯಲು ಬಟ್ಟೆ ಬೇಕು.

ಸೂಜಿ ಮೊಂಡು ಮೂತಿಯದ್ದಾಗಿರಬೇಕು. ಟೇಪೆಸ್ಟ್ರಿ ಸೂಜಿ ಎಂದು ಕೇಳಿ. 11 ಕೌಂಟ್‌ಗೆ 22ನೇ ನಂಬರ್, 14ಕ್ಕೆ 24, 16 ಮತ್ತು 18ಕ್ಕೆ 26. ನಂಬರ್ ಹೆಚ್ಚಾದಷ್ಟೂ ಸೂಜಿ ಸಪೂರ. ಮೊನಚಾದ ಸಾಮಾನ್ಯ ಸೂಜಿ ರಂಧ್ರದೊಳಗೆ ಹೋಗುವ ಬದಲು ಬಟ್ಟೆಯ ದಾರವನ್ನೋ, ಪಕ್ಕದ ಹೊಲಿಗೆಯನ್ನೋ ಸೀಳಿಕೊಂಡು ಹೋಗುತ್ತದೆ.

ನೂಲಿನ ವಿಷಯಕ್ಕೆ ಬಂದರೆ, ಆಂಕರ್, ಡಿಎಂಸಿ ಎರಡು ಕಂಪನಿಗಳ ನೂಲಿನಲ್ಲೂ ಒಂದು ಲಡಿ 8 ಮೀಟರ್, ಅದರಲ್ಲಿ ಬಿಡಿಸಬಹುದಾದ 6 ಎಳೆ. 11 ಕೌಂಟ್‌ಗೆ 3 ಎಳೆ, 14 ಮತ್ತು 16ಕ್ಕೆ 2 ಎಳೆ, 18ಕ್ಕೆ 1 ಅಥವಾ 2. ಹೆಸರಿಲ್ಲದ ಅಗ್ಗದ ನೂಲಾದರೆ ಮೊದಲು ಬಣ್ಣ ಬಿಡುತ್ತದೆಯೇ ನೋಡಿ: ಒಂದು ಗೇಣು ನೂಲನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ಮಡಿಕೆಯಲ್ಲಿ ಅರ್ಧ ಗಂಟೆ ಒತ್ತಿಡಿ. ಕೆಂಪು, ಕಡುನೀಲಿ, ಕಪ್ಪು ಈ ಮೂರನ್ನು ಪರೀಕ್ಷೆ ಮಾಡದೆ ನಂಬಬೇಡಿ.

ಕೂರುವ ಮೊದಲು

ಕೈ ತೊಳೆದು ಕೂರಿ ಎಂಬ ಮಾತು ನಮ್ಮ ಊರಿನ ಮನೆಗಳಲ್ಲಿ ಸುಮ್ಮನೆ ಹೇಳುವ ಮಾತಲ್ಲ. ತಲೆಗೆ ಹಚ್ಚಿದ ತೆಂಗಿನೆಣ್ಣೆ ಬೆರಳಿನಿಂದ ಬಟ್ಟೆಗೆ ಇಳಿದರೆ ಆಗ ಕಾಣುವುದಿಲ್ಲ. ಕೆಲವು ತಿಂಗಳ ಮೇಲೆ ಅದೇ ಜಾಗ ಹಳದಿಯಾಗುತ್ತದೆ. ಹಣ್ಣಡಿಕೆ ಸುಲಿದ ಕೈಯ ಚೊಗರು, ಹಲಸಿನ ಮೇಣ, ಹಸಿ ಗೇರುಬೀಜದ ಸೊನೆ ಇವುಗಳ ಕಲೆ ಬಟ್ಟೆಯಿಂದ ಸುಲಭಕ್ಕೆ ಹೋಗುವುದಿಲ್ಲ. ಸೋಪಿನಿಂದ ತೊಳೆದು ಪೂರ್ತಿ ಒರೆಸಿಕೊಂಡು ಕೂರಿ. ಕ್ರೀಮ್ ಹಚ್ಚಬೇಡಿ.

ಬೆಳಕು ಬಲಗೈಯವರಿಗೆ ಎಡಭುಜದ ಮೇಲಿನಿಂದ ಬೀಳಲಿ, ಎಡಗೈಯವರಿಗೆ ಬಲಭುಜದಿಂದ. ಬಿಳಿ ಬಟ್ಟೆಯಲ್ಲಿ ರಂಧ್ರ ಕಾಣದಿದ್ದರೆ ಮಡಿಲಲ್ಲಿ ಕಡುಬಣ್ಣದ ಟವೆಲ್ ಹಾಸಿಕೊಳ್ಳಿ. ಕಪ್ಪು ಬಟ್ಟೆಗೆ ಬಿಳಿ ಟವೆಲ್. ಮೋಡ ಕವಿದ ಜುಲೈ ಮಧ್ಯಾಹ್ನಗಳಲ್ಲಿ ಇಷ್ಟರಿಂದಲೇ ಎಣಿಕೆಯ ತಪ್ಪು ಬಹಳ ಕಡಿಮೆಯಾಗುತ್ತದೆ.

ಬಟ್ಟೆಯ ಅಂಚು ಬಿಚ್ಚಿಕೊಳ್ಳದಂತೆ ಮೆಷಿನ್‌ನಲ್ಲಿ ಜಿಗ್‌ಜ್ಯಾಗ್ ಹೊಡೆಯಿರಿ, ಇಲ್ಲವೇ ಕೈಯಲ್ಲಿ ಅಂಚು ಸುತ್ತಿ ಹೊಲಿಯಿರಿ. ಮಾಸ್ಕಿಂಗ್ ಟೇಪ್ ಅಂಟಿಸುವವರಿದ್ದಾರೆ. ಅದರ ಗೋಂದು ಬಟ್ಟೆಯಲ್ಲೇ ಉಳಿದು ಧೂಳು ಹಿಡಿಯುತ್ತದೆ, ಆ ಅಂಚನ್ನು ಕೊನೆಗೆ ಕತ್ತರಿಸಿಯೇ ಹಾಕಬೇಕು.

ನಂತರ ಬಟ್ಟೆಯನ್ನು ಅಡ್ಡಕ್ಕೊಮ್ಮೆ, ಉದ್ದಕ್ಕೊಮ್ಮೆ ಮಡಚಿ ನಡು ಗುರುತಿಸಿ. ಚಾರ್ಟಿನಲ್ಲಿ ಹತ್ತು ಚೌಕಕ್ಕೊಂದು ದಪ್ಪ ಗೆರೆ ಇರುತ್ತದೆ, ಬಟ್ಟೆಯ ಮೇಲೂ ಅದೇ ಗೆರೆ ಬೇಕು. ಹೊಲಿಗೆ ದಾರದಲ್ಲಿ, ಚಿತ್ರದಲ್ಲಿಲ್ಲದ ಬಣ್ಣದಲ್ಲಿ, ಹತ್ತು ಚೌಕಕ್ಕೊಂದರಂತೆ ಉದ್ದುದ್ದ ಹೊಲಿಗೆ ಹಾಕುತ್ತ ಹೋಗಿ. ಒಂದು ಗಂಟೆಯ ಕೆಲಸ, ಬೇಸರದ್ದೂ ಹೌದು. ಆದರೆ ನಲವತ್ತನೆಯ ಸಾಲಿನಲ್ಲಿ ಒಂದು ಚೌಕ ತಪ್ಪಿದ್ದು ಗೊತ್ತಾಗಿ ಅಷ್ಟನ್ನೂ ಬಿಚ್ಚುವುದಕ್ಕಿಂತ ಇದು ವಾಸಿ. ಮುಖ್ಯ ಹೊಲಿಗೆ ಹಾಕುವಾಗ ಈ ದಾರವನ್ನು ಸೂಜಿಯಿಂದ ಚುಚ್ಚದಂತೆ ನೋಡಿಕೊಳ್ಳಿ, ಚುಚ್ಚಿದರೆ ಆಮೇಲೆ ಎಳೆದು ತೆಗೆಯಲಾಗದು. ಪೆನ್ನಿನಿಂದ ಗೆರೆ ಎಳೆಯುವುದಾದರೆ ತಣ್ಣೀರಿನಲ್ಲಿ ಹೋಗುವ ಪೆನ್ನು ಮಾತ್ರ. ಇಸ್ತ್ರಿಯ ಬಿಸಿಗೆ ಮಾಯವಾಗುವ ಪೆನ್ನಿನ ಗುರುತು ಚಳಿ ತಾಗಿದರೆ ಮತ್ತೆ ಮೂಡಬಹುದು. ಪೆನ್ಸಿಲ್ ತಿಳಿಬಣ್ಣದ ನೂಲನ್ನು ಕೊಳೆ ಮಾಡುತ್ತದೆ.

ಎಳೆ ಬಿಡಿಸುವುದು

ಹೆಚ್ಚಿನವರು ಅವಸರ ಮಾಡುವ ಜಾಗ ಇದು. ಲಡಿಯಿಂದ ನೂಲು ಕತ್ತರಿಸಿ, ಎರಡು ಎಳೆಯನ್ನು ಒಟ್ಟಿಗೆ ಹಿಡಿದು ಸೀಳಿ, ಹಾಗೇ ಸೂಜಿಗೆ ಪೋಣಿಸುತ್ತಾರೆ. ಆ ಎರಡು ಎಳೆ ಕಾರ್ಖಾನೆಯಲ್ಲಿ ಒಂದಕ್ಕೊಂದು ಹೇಗೆ ಸುತ್ತಿಕೊಂಡಿದ್ದವೋ ಹಾಗೇ ಬಟ್ಟೆಯ ಮೇಲೂ ಸುತ್ತಿಕೊಂಡು ಕೂರುತ್ತವೆ. ಹೊಲಿಗೆ ಹಗ್ಗದ ಹಾಗೆ ಸಪೂರವಾಗಿ, ಸುತ್ತ ಬಟ್ಟೆಯ ಬಿಳಿ ಇಣುಕುತ್ತದೆ.

ಸರಿಯಾದ ಕ್ರಮ ಹೀಗಿದೆ. ಆರೆಳೆಯ ನೂಲಿನ ತುದಿಯನ್ನು ಎಡಗೈ ಹೆಬ್ಬೆರಳು, ತೋರುಬೆರಳಿನ ನಡುವೆ ಸಡಿಲವಾಗಿ ಹಿಡಿಯಿರಿ. ತುದಿಯನ್ನು ಬೆರಳಿನಿಂದ ಮೆಲ್ಲಗೆ ತಟ್ಟಿದರೆ ಆರೂ ಎಳೆ ಅರಳುತ್ತವೆ. ಒಂದನ್ನು ಮಾತ್ರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಉಳಿದ ಐದು ಬೆರಳಿನ ಕೆಳಗೆ ಮುದುಡಿಕೊಂಡು ಗೊಂಡೆಯಾಗುತ್ತವೆ. ಗಂಟು ಬಿತ್ತು ಎಂದು ಗಾಬರಿಯಾಗಬೇಡಿ. ಎಳೆ ಪೂರ್ತಿ ಹೊರಬಂದ ಕೂಡಲೇ ಉಳಿದವನ್ನು ಮೇಲಿನಿಂದ ಕೆಳಕ್ಕೆ ನೀವಿದರೆ ಅವು ತಾವಾಗಿ ನೇರವಾಗುತ್ತವೆ. ಪಕ್ಕಕ್ಕೆ ಎಳೆದರೆ ಮಾತ್ರ ಗಂಟು ಬೀಳುತ್ತದೆ. ಎರಡು ಎಳೆ ಬೇಕಾದಾಗಲೂ ಒಂದೊಂದಾಗಿಯೇ ತೆಗೆದು, ಆಮೇಲೆ ಜೋಡಿಸಿ.

ತುಂಡಿನ ಉದ್ದ 45 ಸೆಂಟಿಮೀಟರ್, ಅಂದರೆ ಒಂದು ಮೊಳದಷ್ಟು. ಮೇಲಿಂದ ಮೇಲೆ ಪೋಣಿಸುವ ಬೇಸರಕ್ಕೆ ಒಂದು ಮಾರು ಉದ್ದ ತೆಗೆದುಕೊಂಡರೆ, ಅದೇ ನೂಲು ಬಟ್ಟೆಯ ರಂಧ್ರದಲ್ಲಿ ನೂರು ಸಲ ಉಜ್ಜಿಕೊಂಡು ಕೊನೆಯರ್ಧ ಜುಂಗು ಎದ್ದು ಹೊಳಪು ಕಳೆದುಕೊಳ್ಳುತ್ತದೆ.

ಗಂಟಿಲ್ಲದೆ ಶುರು ಮಾಡುವುದು

ಗಂಟು ಹಾಕಿದರೆ ಫ್ರೇಮಿನಲ್ಲಿ ಆ ಜಾಗ ಉಬ್ಬುತ್ತದೆ, ಕೆಲವೊಮ್ಮೆ ರಂಧ್ರದಿಂದ ಮುಂಭಾಗಕ್ಕೆ ಜಾರಿಯೂ ಬರುತ್ತದೆ. ಎರಡು ಎಳೆಯ ಕೆಲಸಕ್ಕೆ ಕುಣಿಕೆಯ ವಿಧಾನ ಎಲ್ಲಕ್ಕಿಂತ ಚೊಕ್ಕ:

1. 90 ಸೆಂಟಿಮೀಟರ್ ಉದ್ದದ ಒಂದೇ ಎಳೆ ತೆಗೆದು ನಡುವಿಗೆ ಮಡಚಿ.
2. ಕತ್ತರಿಸಿದ ಎರಡು ತುದಿಗಳನ್ನು ಒಟ್ಟಿಗೆ ಸೂಜಿಕಣ್ಣಿಗೆ ಪೋಣಿಸಿ. ಮಡಿಕೆಯ ಕುಣಿಕೆ ಇನ್ನೊಂದು ತುದಿಯಲ್ಲಿ ಉಳಿಯುತ್ತದೆ.
3. ಚೌಕದ ಕೆಳಗಿನ ಎಡಮೂಲೆಯಿಂದ ಸೂಜಿಯನ್ನು ಮೇಲೆ ತನ್ನಿ. ಹಿಂಬದಿಯಲ್ಲಿ ಎರಡು ಸೆಂಟಿಮೀಟರ್‌ನಷ್ಟು ಕುಣಿಕೆ ಉಳಿಸಿ.
4. ಮೇಲಿನ ಬಲಮೂಲೆಯಲ್ಲಿ ಕೆಳಗಿಳಿಸಿ, ಬಟ್ಟೆ ತಿರುಗಿಸಿ, ಸೂಜಿಯನ್ನು ಕುಣಿಕೆಯೊಳಗೆ ಹಾಯಿಸಿ ಮೆಲ್ಲಗೆ ಎಳೆಯಿರಿ.

ಜೋರಾಗಿ ಎಳೆದರೆ ಕುಣಿಕೆ ಮುಂಭಾಗಕ್ಕೆ ಹಾರಿ ಬರುತ್ತದೆ. ಒಂದು ಎಳೆ ಅಥವಾ ಮೂರು ಎಳೆಯ ಕೆಲಸಕ್ಕೆ ಈ ವಿಧಾನ ಹೊಂದುವುದಿಲ್ಲ. ಆಗ ಹಿಂಬದಿಯಲ್ಲಿ ಮೂರು ಸೆಂಟಿಮೀಟರ್ ಬಾಲ ಬಿಟ್ಟು, ಅದನ್ನು ಬೆರಳಿನಿಂದ ಒತ್ತಿ ಹಿಡಿದು, ಮೊದಲ ನಾಲ್ಕೈದು ಹೊಲಿಗೆ ಅದರ ಮೇಲೆ ಬರುವಂತೆ ಹಾಕಿ. ಬಣ್ಣ ಬದಲಾಗುತ್ತ ಹೋಗುವ ಶೇಡೆಡ್ ನೂಲನ್ನೂ ಮಡಚಬಾರದು, ಕಡು ಮತ್ತು ತಿಳಿ ಒಂದೇ ಹೊಲಿಗೆಯಲ್ಲಿ ಬೆರೆತುಹೋಗುತ್ತವೆ.

ಹೊಲಿಗೆ

ಸಾಲಿನಲ್ಲಿ ಹೋಗುವಾಗ ಎಡದಿಂದ ಬಲಕ್ಕೆ ಅಡಿಯ ಗೆರೆಗಳನ್ನೆಲ್ಲ ಮೊದಲು ಹಾಕಿ: ಪ್ರತಿ ಚೌಕದ ಕೆಳಗಿನ ಎಡಮೂಲೆಯಿಂದ ಮೇಲೆ ಬಂದು, ಮೇಲಿನ ಬಲಮೂಲೆಯಲ್ಲಿ ಇಳಿಯಬೇಕು. ಸಾಲು ಮುಗಿದ ಮೇಲೆ ಬಲದಿಂದ ಎಡಕ್ಕೆ ಮರಳುತ್ತ, ಕೆಳಗಿನ ಬಲಮೂಲೆಯಿಂದ ಬಂದು ಮೇಲಿನ ಎಡಮೂಲೆಯಲ್ಲಿ ಇಳಿಯಿರಿ. ಸರಿಯಾಗಿ ಬಂದಿದ್ದರೆ ಹಿಂಬದಿಯಲ್ಲಿ ನೇರ ನಿಂತ ಪುಟ್ಟ ಗೆರೆಗಳು ಮಾತ್ರ ಕಾಣುತ್ತವೆ. ಎಡಗೈಯವರು ಬಲದಿಂದ ಶುರು ಮಾಡಿದರೂ ಅಡ್ಡಿಯಿಲ್ಲ. ಮೇಲಿನ ಗೆರೆಯ ದಿಕ್ಕು ಮೊದಲ ಹೊಲಿಗೆಯಿಂದ ಕೊನೆಯ ಹೊಲಿಗೆಯವರೆಗೆ ಒಂದೇ ಇರಬೇಕು, ಅಷ್ಟೇ. ಬಟ್ಟೆಯನ್ನು ಅಡ್ಡಕ್ಕೆ ತಿರುಗಿಸಿ ಹಿಡಿದಾಗ ದಿಕ್ಕು ತಪ್ಪುವುದು ಹೆಚ್ಚು. ಬಟ್ಟೆಯ ಮೇಲಂಚಿನಲ್ಲಿ ಒಂದು ಪಿನ್ನನ್ನೋ ಬಣ್ಣದ ದಾರವನ್ನೋ ಗುರುತಿಗೆ ಕಟ್ಟಿಡಿ.

ಕೆಳಗಿಳಿಯುವ ಕಂಬದಂತಹ ಸಾಲಿಗೆ, ಅಲ್ಲೊಂದು ಇಲ್ಲೊಂದು ಬರುವ ಬಿಡಿ ಹೊಲಿಗೆಗೆ, ಪ್ರತಿ ಚೌಕವನ್ನೂ ಪೂರ್ತಿ ಮಾಡಿಯೇ ಮುಂದೆ ಹೋಗಿ.

ಸಾಲುಗಳನ್ನು ಮೇಲಿನಿಂದ ಕೆಳಕ್ಕೆ ಹಾಕಿಕೊಂಡು ಬನ್ನಿ. ಇದಕ್ಕೆ ಕಾರಣವಿದೆ. ಹಾಗೆ ಮಾಡಿದಾಗ ಮೊದಲ ಗೆರೆಗೆ ಸೂಜಿ ಮೇಲೇಳುವ ಕೆಳಗಿನ ರಂಧ್ರ ಖಾಲಿ ಇರುತ್ತದೆ, ಇಳಿಯುವ ಮೇಲಿನ ರಂಧ್ರದಲ್ಲಿ ಹಿಂದಿನ ಸಾಲಿನ ನೂಲಿರುತ್ತದೆ. ತುಂಬಿದ ರಂಧ್ರಕ್ಕೆ ಮೇಲಿನಿಂದ ಇಳಿದರೆ ಜುಂಗೆಲ್ಲ ಹಿಂಬದಿಗೆ ಹೋಗುತ್ತದೆ. ಅದೇ ರಂಧ್ರದಿಂದ ಮೇಲೆ ಬಂದರೆ ಹಳೆಯ ಹೊಲಿಗೆಯನ್ನು ಸೀಳಿ, ಅದರ ನಾರನ್ನು ಮುಂಭಾಗಕ್ಕೆ ಹೊತ್ತು ತರುತ್ತದೆ. ಕಡುಗೆಂಪಿನ ಪಕ್ಕ ಬಿಳಿ ಹೊಲಿದಾಗ ಬಿಳಿ ಮಾಸಿದಂತೆ ಕಾಣುವುದು ಬಹುಪಾಲು ಇದರಿಂದಲೇ. ಮರಳುವ ಗೆರೆಯಲ್ಲಿ ತುಂಬಿದ ರಂಧ್ರದಿಂದ ಬರುವುದು ತಪ್ಪದು, ಅಲ್ಲಿ ಸೂಜಿಯನ್ನು ಓರೆಯಾಗಿ ತೂರಿಸದೆ ನೆಟ್ಟಗೆ ಮೇಲೆತ್ತಿ.

ಎರಡು ಎಳೆ ಅಕ್ಕಪಕ್ಕ ಚಪ್ಪಟೆಯಾಗಿ ಕೂರಲು ಇನ್ನೊಂದು ಉಪಾಯ: ಕೆಳಗಿಳಿಯುವ ಮುನ್ನ ಸೂಜಿಯ ಮೂತಿಯನ್ನು ಎರಡು ಎಳೆಗಳ ನಡುವೆ ತೂರಿಸಿ, ಆಮೇಲೆ ರಂಧ್ರಕ್ಕೆ ಇಳಿಸಿ. ಇಂಗ್ಲಿಷ್‌ನಲ್ಲಿ ಇದನ್ನು ರೈಲ್‌ರೋಡಿಂಗ್ ಎನ್ನುತ್ತಾರೆ. ಎಲ್ಲ ಗೆರೆಗೂ ಮಾಡಿದರೆ ಕೆಲಸ ನಿಧಾನ. ಮೇಲಿನ ಗೆರೆಗೆ ಮಾತ್ರ ಮಾಡಿದರೂ ಫಲ ಹೆಚ್ಚುಕಡಿಮೆ ಅಷ್ಟೇ ಸಿಗುತ್ತದೆ.

ಹೊಲಿಯುತ್ತ ಹೋದಂತೆ ಬೆರಳಿನ ತಿರುವಿಗೆ ನೂಲು ಹುರಿಗೊಳ್ಳುತ್ತದೆ. ಆರೇಳು ಹೊಲಿಗೆಗೊಮ್ಮೆ ಬಟ್ಟೆಯನ್ನು ಎತ್ತಿ ಹಿಡಿದು ಸೂಜಿಯನ್ನು ಕೆಳಗೆ ಜೋತುಬಿಡಿ. ಅದು ಗಿರಗಿರನೆ ತಿರುಗಿ ತಾನೇ ನಿಲ್ಲುತ್ತದೆ. ನಿಂತ ಮೇಲೆ ಮುಂದುವರಿಸಿ.

ಬಿಗಿ

ಬಟ್ಟೆಯನ್ನು ಬಿಗಿಯಾಗಿ ಹಿಡಿಯುವ ಮರದ ರಿಂಗ್ (ಒಂದರೊಳಗೊಂದು ಕೂರುವ ಎರಡು ಬಳೆ) ಬಳಸುವುದಾದರೆ ಒಳಬಳೆಗೆ ಒಂದಿಂಚು ಅಗಲದ ಹತ್ತಿ ಬಟ್ಟೆಯ ಪಟ್ಟಿ ಸುತ್ತಿ ಹೊಲಿದುಬಿಡಿ. ಬಟ್ಟೆ ಜಾರುವುದಿಲ್ಲ, ಅಚ್ಚೂ ಬೀಳುವುದಿಲ್ಲ. ರಿಂಗ್‌ನಲ್ಲಿ ಬಟ್ಟೆ ಬಿಗಿಯಾಗಿರಲಿ, ನೂಲು ಮಾತ್ರ ಬಿಗಿಯಾಗದಿರಲಿ. ಹೊಲಿಗೆ ಬಟ್ಟೆಯ ಮೇಲೆ ಆತುಕೊಂಡ ಕ್ಷಣ ಎಳೆಯುವುದನ್ನು ನಿಲ್ಲಿಸಿ. ಚೌಕಗಳ ಮೂಲೆಯ ರಂಧ್ರಗಳು ಹೊಲಿಯದ ಜಾಗದ ರಂಧ್ರಗಳಿಗಿಂತ ದೊಡ್ಡದಾಗಿ ಕಂಡರೆ ಕೈ ಬಿಗಿಯಾಗಿದೆ. ಉಗುರು ತಾಗಿಸಿದರೆ ಗೆರೆ ಎದ್ದು ಬಂದರೆ ಸಡಿಲವಾಗಿದೆ. ರಿಂಗ್ ಇಲ್ಲದೆ ಕೈಯಲ್ಲೇ ಹಿಡಿದು ಹೊಲಿಯುವವರ ಕೆಲಸವೂ ಚೆನ್ನಾಗಿಯೇ ಬರುತ್ತದೆ. ಒಂದೇ ಚಿತ್ರದಲ್ಲಿ ಅರ್ಧ ರಿಂಗ್‌ನಲ್ಲಿ, ಅರ್ಧ ಕೈಯಲ್ಲಿ ಮಾಡಿದರೆ ಮಾತ್ರ ಎರಡು ಬಗೆಯ ಬಿಗಿ ಕಣ್ಣಿಗೆ ಹೊಡೆಯುತ್ತದೆ.

ದಿನದ ಕೆಲಸ ಮುಗಿದ ಕೂಡಲೇ ರಿಂಗ್ ಕಳಚಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ರಿಂಗಿನ ತಿರುಪು, ಬಟ್ಟೆಯಲ್ಲಿ ಸಿಕ್ಕಿಸಿಟ್ಟ ಸೂಜಿ ಎರಡೂ ಬೇಗ ತುಕ್ಕು ಹಿಡಿಯುತ್ತವೆ, ತುಕ್ಕಿನ ಕಲೆ ತೊಳೆದರೂ ಉಳಿಯುತ್ತದೆ. ಸೂಜಿಯನ್ನು ಸಿಕ್ಕಿಸಲೇಬೇಕೆಂದರೆ ಚಿತ್ರದ ಹೊರಗಿನ ಅಂಚಿನಲ್ಲಿ ಸಿಕ್ಕಿಸಿ.

ಕೈ ಪಳಗಿಸಲು ಒಂದು ವಜ್ರ

ಒಂಬತ್ತು ಸಾಲಿನ ಪುಟ್ಟ ವಜ್ರ: ಸಾಲುಗಳಲ್ಲಿ ಕ್ರಮವಾಗಿ 1, 3, 5, 7, 9, 7, 5, 3, 1 ಹೊಲಿಗೆ. ಒಟ್ಟು 41. ಅಗಲವಾಗುವ ಅರ್ಧದಲ್ಲಿ ಪ್ರತಿ ಸಾಲು ಒಂದು ಚೌಕ ಎಡಕ್ಕೆ ಸರಿದು ಶುರುವಾಗುತ್ತದೆ, ಕಿರಿದಾಗುವ ಅರ್ಧದಲ್ಲಿ ಒಂದು ಚೌಕ ಬಲಕ್ಕೆ. 14 ಕೌಂಟ್‌ನಲ್ಲಿ ಒಂದು ಹೊಲಿಗೆಗೆ ಹಿಂದುಮುಂದು ಸೇರಿ 9 ಮಿಲ್ಲಿಮೀಟರ್‌ನಷ್ಟು ನೂಲು ಬೇಕು. ಕುಣಿಕೆಯಿಂದ ಶುರು ಮಾಡಿದ ಒಂದು ತುಂಡು ಕೊನೆಯ ಸಾಲಿನ ಆಸುಪಾಸಿನಲ್ಲಿ ಮುಗಿಯುತ್ತದೆ. ಮೂರನೆಯ ಎರಡರಷ್ಟರಲ್ಲೇ ಮುಗಿದರೆ ಕೈ ಸಡಿಲ, ಅಥವಾ ಹಿಂಬದಿಯಲ್ಲಿ ನೂಲು ಸುತ್ತಿ ಬರುತ್ತಿದೆ ಎಂದರ್ಥ.

ನಡುವೆ ಒಂದು ಚೌಕ ಬಿಟ್ಟು ವಜ್ರಗಳನ್ನು ಸಾಲಾಗಿ ಹಾಕಿದರೆ ಚಂದದ ಬಾರ್ಡರ್. 7 ವಜ್ರಕ್ಕೆ 69 ಚೌಕ, ಹೆಚ್ಚುಕಡಿಮೆ 5 ಇಂಚು, 287 ಹೊಲಿಗೆ. ಶಾಲಾ ವೃತ್ತಿ ಪರಿಚಯ ಮೇಳದ ಸ್ಪರ್ಧೆಗೆ ಮಕ್ಕಳನ್ನು ತಯಾರು ಮಾಡುವವರು ಈ ಲೆಕ್ಕ ನೆನಪಿಡಿ: ಸ್ಥಳದಲ್ಲೇ ಕುಳಿತು ಮೂರು ಗಂಟೆಯಲ್ಲಿ ಮುಗಿಸಬೇಕಾದ ಕೆಲಸಕ್ಕೆ ಗಂಟೆಗೆ 100 ಹೊಲಿಗೆಗಿಂತ ಹೆಚ್ಚು ಇಟ್ಟುಕೊಳ್ಳಬೇಡಿ. ದೊಡ್ಡ ಚಾರ್ಟ್ ಅರ್ಧಕ್ಕೆ ನಿಲ್ಲುವುದಕ್ಕಿಂತ ಸಣ್ಣದು ಚೊಕ್ಕವಾಗಿ ಮುಗಿಯಲಿ.

ಹಿಂಬದಿ ಮತ್ತು ಬಿಚ್ಚುವುದು

ನೂಲು ಹತ್ತು ಸೆಂಟಿಮೀಟರ್ ಉಳಿದಾಗ ನಿಲ್ಲಿಸಿ, ಹಿಂಬದಿಯಲ್ಲಿ ಅದೇ ಬಣ್ಣದ ನಾಲ್ಕೈದು ಹೊಲಿಗೆಯ ಕೆಳಗೆ ಹಾಯಿಸಿ, ಬುಡಕ್ಕೆ ಕತ್ತರಿಸಿ. ಕಡುಬಣ್ಣದ ಬಾಲವನ್ನು ತಿಳಿಬಣ್ಣದ ಹಿಂದೆ ಹಾಯಿಸಿದರೆ ಮುಂದೆ ನೆರಳಾಗಿ ಕಾಣುತ್ತದೆ. ಒಂದು ಜಾಗದಿಂದ ಇನ್ನೊಂದಕ್ಕೆ ನೂಲು ಜಿಗಿಸುವಾಗ ನಡುವೆ ಖಾಲಿ ಬಟ್ಟೆಯಿದ್ದರೆ ಮೂರು ನಾಲ್ಕು ಚೌಕ ಮೀರಬೇಡಿ. ಅದಕ್ಕಿಂತ ದೂರವಾದರೆ ಅಲ್ಲಿ ಮುಗಿಸಿ, ಇಲ್ಲಿ ಹೊಸದಾಗಿ ಶುರು ಮಾಡಿ.

ತಪ್ಪಾದದ್ದು ಎರಡು ಮೂರು ಹೊಲಿಗೆಯಾದರೆ ಸೂಜಿ ಕಳಚಿ, ಸೂಜಿಯ ಕಣ್ಣಿನ ತುದಿಯಿಂದ ನೂಲನ್ನು ಎಬ್ಬಿಸಿ ಬಿಚ್ಚಿ. ಪೋಣಿಸಿದ ಸೂಜಿಯನ್ನೇ ಹಿಂದಕ್ಕೆ ತೂರಿಸಬೇಡಿ, ಖಂಡಿತ ಸೀಳುತ್ತದೆ. ಹೆಚ್ಚು ಹೊಲಿಗೆಯಾದರೆ ಮುಂಭಾಗದಿಂದ ಮೇಲಿನ ಗೆರೆಗಳನ್ನು ಸಣ್ಣ ಕತ್ತರಿಯಿಂದ ಕತ್ತರಿಸಿ, ಚಿಮುಟದಿಂದ ತುಂಡುಗಳನ್ನು ಹಿಂಬದಿಗೆ ಎಳೆದು ತೆಗೆಯಿರಿ. ಕತ್ತರಿಯ ಮೂತಿ ಬಟ್ಟೆಯ ದಾರಕ್ಕೆ ತಾಗದಿರಲಿ. ಉಳಿದ ಜುಂಗನ್ನು ಸೆಲ್ಲೋಟೇಪ್ ಒತ್ತಿ ಎತ್ತಬಹುದು. ಬಿಚ್ಚಿದ ನೂಲನ್ನು ಮತ್ತೆ ಬಳಸಬೇಡಿ.

ಕ್ರಾಸ್‌ಗಳೆಲ್ಲ ಮುಗಿದ ಮೇಲಷ್ಟೇ ರೂಪರೇಖೆಯ ಬ್ಯಾಕ್ ಸ್ಟಿಚ್ (ಪ್ರತಿ ಹೊಲಿಗೆ ಹಿಂದಿನದರ ತುದಿಗೆ ಮರಳಿ ಇಳಿಯುವ ಗೆರೆ ಹೊಲಿಗೆ), ಒಂದೇ ಎಳೆಯಲ್ಲಿ. ಚೌಕಕ್ಕೊಂದು ಹೊಲಿಗೆ ಹಾಕಿ. ಉದ್ದ ಹಾಕಿದರೆ ಬೇಗ ಮುಗಿಯುತ್ತದೆ, ಆದರೆ ಬಾಗಿದ ಗೆರೆಗಳು ಮುರಿದಂತೆ ಕಾಣುತ್ತವೆ.

ತೊಳೆಯುವುದು, ಫ್ರೇಮ್

ಗುರುತಿನ ದಾರ ಎಳೆದು ತೆಗೆದು, ತಣ್ಣೀರಿಗೆ ಕೆಲವು ಹನಿ ಮೃದು ಲಿಕ್ವಿಡ್ ಸೋಪ್ ಹಾಕಿ ಹತ್ತು ನಿಮಿಷ ನೆನೆಸಿ. ಉಜ್ಜಬೇಡಿ, ಹಿಂಡಬೇಡಿ. ಮುರಕಲ್ಲಿನ ನೆಲದ ಕೆಲವು ಬಾವಿಗಳ ನೀರಿನಲ್ಲಿ ಕಬ್ಬಿಣದ ಅಂಶ ಹೆಚ್ಚು. ನಿಮ್ಮ ಮನೆಯ ಬಕೆಟ್ಟಿನ ಒಳಗೆ ಕೆಂಗಂದು ಪೊರೆ ಕಟ್ಟುತ್ತಿದ್ದರೆ ಈ ಕೆಲಸಕ್ಕೆ ಫಿಲ್ಟರ್ ನೀರನ್ನೇ ಬಳಸಿ, ಇಲ್ಲದಿದ್ದರೆ ಬಿಳಿ ಬಟ್ಟೆ ಹಳದಿ ತಿರುಗುತ್ತದೆ. ಬಣ್ಣ ಬಿಡುವುದು ಕಂಡರೆ ಬಟ್ಟೆಯನ್ನು ಒಣಗಲು ಬಿಡದೆ ನೀರು ತಿಳಿಯಾಗುವವರೆಗೆ ಹರಿಯುವ ತಣ್ಣೀರಿನಲ್ಲಿ ಹಿಡಿಯಿರಿ. ಒಣಗಿದರೆ, ಅದಕ್ಕಿಂತಲೂ ಇಸ್ತ್ರಿ ತಾಗಿದರೆ, ಆ ಕಲೆ ಕಚ್ಚಿಕೊಳ್ಳುತ್ತದೆ.

ಟವೆಲ್‌ನಲ್ಲಿ ಸುರುಳಿ ಸುತ್ತಿ ಒತ್ತಿ ನೀರು ತೆಗೆದು, ಇನ್ನೂ ಹಸಿಯಿರುವಾಗಲೇ ದಪ್ಪ ಟವೆಲ್ ಮೇಲೆ ಮುಖ ಕೆಳಗಾಗಿ ಹಾಸಿ ಹಿಂಬದಿಯಿಂದ ಇಸ್ತ್ರಿ ಮಾಡಿ. ಹೊಲಿಗೆಗಳು ಟವೆಲ್ಲಿನ ಮೆತ್ತೆಯೊಳಗೆ ಇಳಿಯುವುದರಿಂದ ಚಪ್ಪಟೆಯಾಗುವುದಿಲ್ಲ. ಮಳೆಗಾಲದಲ್ಲಿ ಬಟ್ಟೆ ಒಣಗಿದಂತೆ ತೋರಿದರೂ ಒಳಗೆ ತೇವ ಉಳಿದಿರುತ್ತದೆ. ಒಂದು ಹಗಲು ಫ್ಯಾನಿನ ಕೆಳಗೆ ಹಾಸಿಡಿ, ಒಲೆಯ ಮೇಲಿನ ಅಟ್ಟದಲ್ಲಿ ಮಾತ್ರ ಬೇಡ, ಹೊಗೆ ಹಿಡಿಯುತ್ತದೆ.

ಫ್ರೇಮಿಗೆ ಗೋಂದು ಹಾಕಿ ಅಂಟಿಸಬೇಡಿ, ವರ್ಷ ಕಳೆದಂತೆ ಕಂದು ಕಲೆ ಮುಂಭಾಗಕ್ಕೆ ಬರುತ್ತದೆ. ಬಿಳಿ ಮೌಂಟ್ ಬೋರ್ಡನ್ನು ಅಳತೆಗೆ ಕತ್ತರಿಸಿ, ಬಟ್ಟೆಯನ್ನು ಅದರ ಮೇಲೆ ಎಳೆದು, ಹಿಂದೆ ಗಟ್ಟಿ ದಾರದಿಂದ ಎದುರುಬದುರು ಅಂಚುಗಳನ್ನು ಸೆಂಟಿಮೀಟರ್‌ಗೊಂದರಂತೆ ಹೊಲಿದು ಬಿಗಿಯಿರಿ. ನಡುವಿನಿಂದ ಶುರು ಮಾಡಿ ಹೊರಕ್ಕೆ ಹೋಗಬೇಕು, ಮೊದಲು ಉದ್ದದ ಬದಿ, ಆಮೇಲೆ ಅಗಲದ್ದು. ಬಿಗಿಯುವಾಗ ಆಗಾಗ ತಿರುಗಿಸಿ ಚಿತ್ರದ ಅಂಚು ಬೋರ್ಡಿನ ಅಂಚಿಗೆ ನೇರವಿದೆಯೇ ನೋಡಿ. ಬಟ್ಟೆಯ ಒಂದು ದಾರವನ್ನು ಕಣ್ಣಿನಲ್ಲೇ ಹಿಂಬಾಲಿಸಿದರೆ ಸೊಟ್ಟ ತಕ್ಷಣ ಗೊತ್ತಾಗುತ್ತದೆ.

ಗಾಜು ಹಾಕಿಸುವಾಗ ಅಂಗಡಿಯವರಿಗೆ ಗಾಜಿಗೂ ಬಟ್ಟೆಗೂ ನಡುವೆ ಪಟ್ಟಿ ಕೊಟ್ಟು ಅಂತರ ಬಿಡಲು ಹೇಳಿ. ತಾಗಿಕೊಂಡಿದ್ದರೆ ತೇವ ಅಲ್ಲೇ ಕೂತು ಬೂಷ್ಟು ಬರುತ್ತದೆ. ಮಳೆಗೆ ನೆನೆಯುವ ಹೊರಗೋಡೆಯ ಒಳಮೈಗೆ ಚಿತ್ರ ತೂಗುಹಾಕಬೇಡಿ, ಒಳಗೋಡೆಯೇ ಆಗಲಿ. ಫ್ರೇಮಿನ ಹಿಂದೆ ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ತೆಳು ತುಂಡು ಅಂಟಿಸಿದರೆ ಗೋಡೆಗೂ ಫ್ರೇಮಿಗೂ ನಡುವೆ ಗಾಳಿಯಾಡುತ್ತದೆ.